ಸತ್ತವರ ಚೀಟಿ ಹರಿಯಬೇಕು

ಮೈಲಾರಿಗೆ ದಾಳ ಕಂಡರೆ ಮೈ ಉರಿಯುತ್ತಿತ್ತು. ಆದರೆ ಅವನೇ ಕಟ್ಟಿದ ಆಟ ನಡೆಯುತ್ತಿದ್ದದ್ದೇ ದಾಳದ ಮೇಲೆ.

ಹಳೇ ಹುಬ್ಬಳ್ಳಿಯಲ್ಲಿ ಮೌಲಾಲಿಯ ಬೈಕ್ ಗ್ಯಾರೇಜು. ಅದರ ಅಟ್ಟದಲ್ಲಿ ನಾಲ್ಕು ಹಳೆಯ ಟಯರು, ಅವುಗಳ ಮೇಲೊಂದು ಹಲಗೆ. ಭಾನುವಾರ ಮಧ್ಯಾಹ್ನವಾದರೆ ಅದೇ ಮೇಜು, ಅದರ ಸುತ್ತ ಕರಿಕೋಟೆ ಎಂಬ ಲೋಕ. ಆ ಕೋಟೆಗೆ ಇಟ್ಟಿಗೆಯಿಲ್ಲ, ಎಲ್ಲ ಬಾಯಿಮಾತು. ಮೌಲಾಲಿ ಕತೆಗಾರ. ಹಾವು, ಬೇತಾಳ, ಬಾಗಿಲು ಕಾಯುವ ರಾಕ್ಷಸ ಎಲ್ಲವೂ ಅವನೇ. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರ. ಮೈಲಾರಿ ಯಾವಾಗಲೂ ಕತ್ತಿಯವನು. ಬಸ್ ಕಂಡಕ್ಟರ್ ಬಸಣ್ಣ ಯಾವಾಗಲೂ ಕಳ್ಳ. ಮೈಲಾರಿಯ ಅಕ್ಕ ದಾಕ್ಷಾಯಣಿ ಯಾವಾಗಲೂ ಮಂತ್ರವಾದಿನಿ. ಪ್ರತಿ ಪಾತ್ರಕ್ಕೂ ಒಂದು ಚೀಟಿ, ಅದರ ಮೇಲೆ ಆರು ಗುಣ: ಬಲ, ಚುರುಕು, ತಾಳ್ಮೆ, ಧೈರ್ಯ, ಮಾತು, ಓದು. ಯಾವ ಗುಣ ಎಷ್ಟು ಅನ್ನುವುದನ್ನು ಮೂರು ದಾಳ ಎಸೆದು ಬರೆದುಕೊಳ್ಳಬೇಕು. ಕೆಟ್ಟದ್ದು ಬಿತ್ತೋ, ಹಣೆಬರಹ.

ಆ ಹಣೆಬರಹವೇ ಮೈಲಾರಿಗೆ ಆಗದ ಮಾತು. ಅವನು ಎಂಟನೇ ಇಯತ್ತೆಗೆ ಶಾಲೆ ಬಿಟ್ಟವನು. ಬಿಟ್ಟದ್ದೂ ಅಲ್ಲ, ಬೆಂಚು ಎತ್ತಿ ಬಾಗಿಲಿಗೆ ಬೀಸಿ ಹೊರಬಂದವನು. ಪುಸ್ತಕ ತೆರೆದರೆ ಅಕ್ಷರಗಳು ಇರುವೆಯ ಹಾಗೆ ಹರಿದಾಡುತ್ತವೆ ಎಂದು ಅವನು ಹೇಳಿದ್ದನ್ನು ಯಾವ ಮಾಸ್ತರೂ ನಂಬಲಿಲ್ಲ. ಸೊಕ್ಕು ಅಂದರು, ಬೆತ್ತದಲ್ಲಿ ಬಿಟ್ಟರು. ಅದೇ ಮನೆಯಲ್ಲಿ, ಅದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಅಕ್ಕನಿಗೆ ಮಾತ್ರ ಓದು ನೀರು ಕುಡಿದಷ್ಟು ಸಲೀಸು. ಈಗ ಔಷಧಿ ಅಂಗಡಿಯಲ್ಲಿ ಕೆಲಸ. ಊರಿನ ಯಾವ ಡಾಕ್ಟರು ಎಂಥ ಗೀಚು ಗೀಚಿದರೂ ದಾಕ್ಷಾಯಣಿ ಓದುತ್ತಾಳೆ ಎಂದು ಬೇರೆ ಅಂಗಡಿಯವರೂ ಚೀಟಿ ಹಿಡಿದು ಅವಳ ಹತ್ತಿರ ಓಡಿಬರುತ್ತಿದ್ದರು.

"ಹುಟ್ಟೋವಾಗ ಒಂದ್ ಸಲ ದಾಳ ಬಿದ್ದೈತಿ. ಅಕ್ಕಗ ಆರು, ನನಗ ಒಂದು," ಎನ್ನುತ್ತಿದ್ದ ಮೈಲಾರಿ. "ಆಟದಾಗೂ ಅದ ಹಾಡೇನು?"

ಅವನ ಸಿಟ್ಟಿಗೆ ಒಂದು ಅವಕಾಶ ಸಿಕ್ಕಿತು. ಧಾರವಾಡದ ಹಾದಿಯಲ್ಲಿ ಹೊಸದಾಗಿ ತೆರೆದಿದ್ದ ಒಂದು ಲ್ಯಾಬು ಕರಿಕೋಟೆಯ ಸುದ್ದಿ ಕೇಳಿ ಅವನನ್ನು ಕರೆಸಿತು. ಅವರ ಹತ್ತಿರ ತಲೆಗೆ ಕಟ್ಟುವ ಒಂದು ಪಟ್ಟಿಯಿತ್ತು. ಕಟ್ಟಿಕೊಂಡರೆ ಅದು ಮೊದಲು ಮೆದುಳಿನ ನಕ್ಷೆ ತೆಗೆದಿಟ್ಟುಕೊಳ್ಳುತ್ತದೆ. ಆಮೇಲೆ ಪಾತ್ರದ ಚೀಟಿಯಲ್ಲಿ ಏನಿದೆಯೋ ಹಾಗೆ ಒಂದು ಭಾಗವನ್ನು ಕೆರಳಿಸುತ್ತದೆ, ಇನ್ನೊಂದನ್ನು ಮಲಗಿಸುತ್ತದೆ. ಧೈರ್ಯ ಹದಿನೆಂಟು ಎಂದು ಬರೆದರೆ ಹಲ್ಲಿಗೆ ಹೆದರುವವನೂ ಆಟ ಮುಗಿಯುವ ತನಕ ಹುಲಿ. ಆಟ ಮುಗಿದ ಮೇಲೆ ನಕ್ಷೆ ನೋಡಿ ಎಲ್ಲರನ್ನೂ ಇದ್ದ ಹಾಗೆ ವಾಪಸು ತರುತ್ತದೆ. ಅಷ್ಟಕ್ಕೂ ಪಟ್ಟಿಗೆ ಸ್ವಂತ ಬುದ್ಧಿಯಿಲ್ಲ, ನಿಯಮದಲ್ಲಿ ಬರೆದದ್ದನ್ನು ಬರೆದ ಹಾಗೆ ಮಾಡುವುದು ಮಾತ್ರ ಅದಕ್ಕೆ ಗೊತ್ತು. ಅದಕ್ಕೇ ಲ್ಯಾಬಿನ ಮುಖ್ಯಸ್ಥೆ ಇಟಗಿ ಮೇಡಂ, "ಪಾತ್ರ ಹುಟ್ಟಿಸೋ ನಿಯಮ ಎಲ್ಲಾ ಇನ್ನೊಮ್ಮೆ ಕುಂತು ತಿದ್ದಿ ಕೊಡ್ರಿ," ಎಂದಿದ್ದರು.

ಮೈಲಾರಿ ಗ್ಯಾರೇಜಿನ ಅಟ್ಟದಲ್ಲಿ ಅತ್ತಿಂದಿತ್ತ ತಿರುಗುತ್ತ ಹೇಳಿದ, ಅಕ್ಕ ಬರೆದಳು. ಬರೆಯುವ ಮುಂಚೆಯೇ ಅವನ ಎಚ್ಚರಿಕೆ: "ನಾ ಹೇಳಿದ್ದ ಬರೀಬೇಕು. ಒಂದ್ ಅಕ್ಷರ ಬದಲಿಸಿದಿ, ಕೈ ಮುರೀತೀನಿ."

"ಮುರಿಯಪ್ಪಾ. ಆಮ್ಯಾಲ ನೀನ ಬರ್ಕೋ," ಎಂದಳು ಅಕ್ಕ. ಆದರೂ ಅವನು ಹೇಳಿದ್ದನ್ನು ಹೇಳಿದ ಹಾಗೇ ಬರೆದಳು.

ಮೊದಲ ಏಟಿಗೇ ದಾಳ ಹಾರಿಹೋಯಿತು. ಪಾತ್ರ ಹುಟ್ಟಿಸುವಾಗ ಎಲ್ಲರಿಗೂ ಒಂದೇ ಮೊತ್ತದ ಅಂಕ, ಬೇಕಾದ ಹಾಗೆ ಹಂಚಿಕೊಳ್ಳಿ. ದಾಳ ಉಳಿದದ್ದು ಹೊಡೆದಾಟಕ್ಕಷ್ಟೇ. ಆಮೇಲೆ ಅಟ್ಟದ ಹಳೆಯ ಪದ್ಧತಿಯೊಂದನ್ನು ಅವನು ನಿಯಮವಾಗಿ ಬರೆಸಿದ. ಯಾರ ಪಾತ್ರವಾದರೂ ಸತ್ತರೆ ಉಳಿದವರು "ಹರಿ, ಹರಿ!" ಎಂದು ಕೂಗುವುದು, ಸತ್ತವರು ತಮ್ಮ ಚೀಟಿ ಹರಿದು ಅಕ್ಷತೆಯ ಹಾಗೆ ಮೇಲಕ್ಕೆ ಎರಚುವುದು, ಸತ್ತವರ ಅತಿ ದೊಡ್ಡ ಗುಣ ಬದುಕಿದವರಲ್ಲಿ ಅದು ಅತಿ ಕಡಿಮೆ ಇರುವವರಿಗೆ ಸೇರುವುದು. ಇದ್ದವರದು ಇಲ್ಲದವರಿಗೆ. ಮೈಲಾರಿಗೆ ಇಡೀ ಆಟದಲ್ಲಿ ಇದಕ್ಕಿಂತ ನ್ಯಾಯದ ಮಾತು ಇನ್ನೊಂದು ಕಾಣುತ್ತಿರಲಿಲ್ಲ.

ಲ್ಯಾಬಿನ ಮೀಟಿಂಗಿನಲ್ಲಿ ಇಟಗಿ ಮೇಡಂ ಆ ಸಾಲಿನ ಮೇಲೆ ಬೆರಳಿಟ್ಟು, "ಚೀಟಿ ಹರೀಬೇಕು ಅಂದ್ರ? ಒಂದು ಪ್ರತಿ ನಮ್ಮ ಕಡೆ ಇರಲಿ ಅಲ್ಲರಿ?" ಎಂದು ಕೇಳಿದ್ದರು.

ಮೈಲಾರಿ ಮೇಜು ಗುದ್ದಿದ್ದ. ಅದಕ್ಕೆ ಕಾರಣ ಬಸಣ್ಣ. ಒಂದು ಸಲ ಸತ್ತ ಕಳ್ಳನ ಚೀಟಿಯನ್ನು ಅವನು ಹರಿದ ಹಾಗೆ ಮಾಡಿ ಟಿಕೆಟ್ ಚೀಲದಲ್ಲಿ ಬಚ್ಚಿಟ್ಟು, ಮುಂದಿನ ವಾರ ಅದೇ ಕಳ್ಳನನ್ನು ಹೊಸ ಹೆಸರಿನಲ್ಲಿ ಕರೆತಂದಿದ್ದ. ಕೈ ಕೈ ಮಿಲಾಯಿಸುವ ತನಕ ಹೋಗಿತ್ತು ಆ ಜಗಳ. "ಪ್ರತಿ ಗಿತಿ ಏನಿಲ್ಲ. ಹರೀಬೇಕು ಅಂದ್ರ ಹರೀಬೇಕು. ಉಳಿಸಿಟ್ಕೊಂಡ್ರ ಅದು ಮೋಸ," ಎಂದು ಅವನು ಕೂಗಿದ್ದಕ್ಕೆ ಗಾಜಿನ ಆಚೆಯ ಹುಡುಗಿಯರು ತಿರುಗಿ ನೋಡಿದ್ದರು. ಹಾಗೇ ಆಯಿತು. ನಿಯಮಕ್ಕೆ ದಿಲ್ಲಿಯಿಂದ ಒಪ್ಪಿಗೆಯ ಮುದ್ರೆಯೂ ಬಿತ್ತು.

ಪರೀಕ್ಷೆಯ ದಿನ ಮೂವರೂ ಪಟ್ಟಿ ಕಟ್ಟಿಕೊಂಡು ಕೂತರು. ಮೌಲಾಲಿಗೆ ಪಟ್ಟಿಯಿಲ್ಲ, ಕತೆ ಹೇಳುವವನ ತಲೆ ನೆಟ್ಟಗಿರಬೇಕು. ದಾಕ್ಷಾಯಣಿ ತನ್ನ ಪಾಲಿನ ಅಂಕದಲ್ಲಿ ಓದಿಗೆ ಹದಿನೆಂಟು ಸುರಿದಳು. ಮೈಲಾರಿ ಓದಿಗೆ ಮೂರೇ ಮೂರು ಬರೆಸಿದ, ಅದಕ್ಕಿಂತ ಕಡಿಮೆಗೆ ನಿಯಮದಲ್ಲಿ ಜಾಗವಿರಲಿಲ್ಲ.

ಕರಿಕೋಟೆಯ ಕಲ್ಲುಬಾಗಿಲ ಮೇಲೊಂದು ಶಾಸನ. ದಾಕ್ಷಾಯಣಿಯ ಮಂತ್ರವಾದಿನಿ ಅದನ್ನು ಗಡಗಡ ಓದಿದಳು, ಬಾಗಿಲು ತೆರೆಯಿತು. ಒಳಗೆ ಕಲ್ಲುಹಾವು. ಮೌಲಾಲಿ ಹಾವಿನ ಪರವಾಗಿ ದಾಳ ಎಸೆದ. ಆರು, ಆರು, ಆರು.

"ಯಪ್ಪಾ! ಅಕ್ಕಾರು ಹೋದ್ರು," ಎಂದ ಬಸಣ್ಣ ಸಂಭ್ರಮದಿಂದ. "ಹರಿ, ಹರಿ!"

ಮೈಲಾರಿಯೂ ಕೂಗಿದ. ದಾಕ್ಷಾಯಣಿ ನಗುತ್ತ ಚೀಟಿಯನ್ನು ಚೂರುಚೂರು ಮಾಡಿ ತಮ್ಮನ ತಲೆಯ ಮೇಲೆ ಎರಚಿದಳು. ಗಾಜಿನ ಆಚೆ, ನಿಯಂತ್ರಣ ಕೋಣೆಯಲ್ಲಿ, ಯಂತ್ರವೂ ಅವಳ ಚೀಟಿಯನ್ನು ಹರಿದುಹಾಕಿತು. ಮೈಲಾರಿಯ ಹಣೆಯ ಹಿಂದೆ ಏನೋ ಬೆಚ್ಚಗೆ ಹರಿದಂತಾಯಿತು, ಅಷ್ಟೇ.

ಆಟ ನಿಲ್ಲಿಸಿ ಪಟ್ಟಿ ಬಿಚ್ಚಿದರು. ಇಟಗಿ ಮೇಡಂ ಸಹಿಗೆಂದು ಒಂದು ಕಾಗದ ಕೊಟ್ಟರು. ದಾಕ್ಷಾಯಣಿ ಅದನ್ನು ಹಿಡಿದು ದೂರ ಮಾಡಿದಳು, ಹತ್ತಿರ ತಂದಳು, ಕಣ್ಣು ಉಜ್ಜಿಕೊಂಡಳು.

"ಏನ್ರಿ ಇದು? ಇರುವಿ ಹರದಾಡಿದಂಗ ಆಗಾಕತ್ತೈತಿ," ಎಂದಳು.

ಮೈಲಾರಿ ತಟ್ಟನೆ ಅವಳ ಕಡೆ ತಿರುಗಿದ. ಅದು ಅವನ ಮಾತು. ಎಂಟನೇ ಇಯತ್ತೆಯಲ್ಲಿ ಮಾಸ್ತರರ ಮುಂದೆ ಅವನು ಹೇಳಿ ಹೊಡೆಸಿಕೊಂಡ ಮಾತು, ಅಕ್ಕನ ಬಾಯಲ್ಲಿ.

"ಅಕ್ಕಾ, ಚ್ಯಾಷ್ಟಿ ಮಾಡಬ್ಯಾಡ. 'ಆಟದ ನಂತರ ತಲೆನೋವು, ವಾಕರಿಕೆ ಅಥವಾ ಮರೆವು ಕಂಡುಬಂದಲ್ಲಿ ಕೂಡಲೇ ತಿಳಿಸತಕ್ಕದ್ದು' ಅಂತ ಬರದೈತಲ್ಲ..."

ಅವನ ಬಾಯಿ ಹಾಗೇ ನಿಂತಿತು. ಮೌಲಾಲಿಯ ಕೈಯಿಂದ ದಾಳ ಜಾರಿ ನೆಲಕ್ಕೆ ಬಿದ್ದು ಉರುಳಿತು. ಬಸಣ್ಣ ಒಮ್ಮೆ ಕಾಗದ ನೋಡಿದ, ಒಮ್ಮೆ ಮೈಲಾರಿಯ ಮುಖ ನೋಡಿದ. ಯಾರೂ ನಗಲಿಲ್ಲ.

*

ದಾಕ್ಷಾಯಣಿಯನ್ನು ತಪಾಸಣೆಗೆ ಒಳಗಿನ ಕೋಣೆಗೆ ಕರೆದೊಯ್ದರು. ಮೈಲಾರಿ ನಿಯಂತ್ರಣ ಕೋಣೆಗೆ ನುಗ್ಗಿದ. ಕೈಗೆ ಸಿಕ್ಕ ಕುರ್ಚಿ ಎತ್ತಿಯೇ ನುಗ್ಗಿದ.

"ವಾಪಸ್ ಹಾಕ್ರಿ! ನಕ್ಷಿ ತಗದಿರ್ತೀರಿ ಅಲ್ಲ, ಅದನ್ನ ನೋಡಿ ವಾಪಸ್ ಹಾಕ್ರಿ!"

ಇಟಗಿ ಮೇಡಂ ಬಿಳಿಚಿಕೊಂಡಿದ್ದರು. "ನಕ್ಷಿ ಇಲ್ರಿ ಮೈಲಾರಿ. ಹರಿದೈತಿ."

"ಹರಿದೈತಿ ಅಂದ್ರ?"

"ಯಂತ್ರಕ್ಕ ಚೀಟಿ ಅಂದ್ರ ಅದ. ಅವರ ನಕ್ಷಿ. ಓದು ಅನ್ನೂದು ಹುಟ್ಟುತ್ತ ಬರೂದಲ್ಲ, ತಲಿಯೊಳಗ ವರ್ಷಗಟ್ಟಲೆ ತುಳಿದು ತುಳಿದು ಆದ ಒಂದು ಕಾಲುದಾರಿ. ನಿಯಮ ಹೇಳಿದಂಗ ಅವರ ದಾರಿ ಅಳಿಸಿ, ಅದನ್ನ ನಿಮ್ಮ ತಲಿಯೊಳಗ ತುಳಿದು ಬಿಟ್ಟೈತಿ."

"ನಿಮ್ಮ ಹುಡುಗ್ರು ಏನೋ ತಪ್ಪು ಮಾಡ್ಯಾರ. ಇಲ್ಲಾ ಅಕ್ಕ ಬರಿಯೂದ್ರಾಗ ತಪ್ಪಿದಾಳ. ನಾ ಹಂಗ ಹೇಳಿಲ್ಲ!"

ಮೇಡಂ ನಿಯಮದ ಪ್ರತಿಯನ್ನು ಅವನ ಮುಂದೆ ದೂಡಿದರು.

ತಾನೇ ಕಟ್ಟಿದ ನಿಯಮವನ್ನು ಮೈಲಾರಿ ಜೀವಮಾನದಲ್ಲಿ ಮೊದಲ ಸಲ ಓದಿದ. ಇರುವೆಗಳು ಒಂದೂ ಅಲುಗಲಿಲ್ಲ. ಸಾಲಾಗಿ, ಶಿಸ್ತಾಗಿ, ಅವನದೇ ದನಿಯಲ್ಲಿ ಮಾತಾಡಿದವು. 'ಸತ್ತವರ ಚೀಟಿ ಹರಿಯಬೇಕು. ಪ್ರತಿ ಗಿತಿ ಏನೂ ಇಡಬಾರದು, ಇಟ್ಟವ ಬಸಣ್ಣನಂಥ ಮೋಸಗಾರ. ಅವರ ಅತಿ ದೊಡ್ಡ ಗುಣ ಯಾರಿಗೆ ಅತಿ ಕಡಿಮೆಯೋ ಅವರಿಗೆ ಸೇರಬೇಕು. ವಾಪಸು ಕೇಳಬಾರದು.' ಬಸಣ್ಣನಿಗೆ ಬೈದದ್ದನ್ನೂ ಅಕ್ಕ ಬಿಟ್ಟಿರಲಿಲ್ಲ. ಒಂದಕ್ಷರ ಬದಲಿಸಿರಲಿಲ್ಲ.

ಬೈಯಲು ಯಾರೂ ಉಳಿದಿಲ್ಲ ಎಂದು ತಿಳಿದಾಗ ಕುರ್ಚಿ ತಾನಾಗಿ ಕೆಳಗಿಳಿಯಿತು.

"ಒಂದ ದಾರಿ ಐತಿ," ಎಂದರು ಮೇಡಂ. "ನೀವೂ ಆಟದಾಗ ಸಾಯ್ಬೇಕು, ಅವರು ಮೇಜಿನ ಮುಂದ ಇರಬೇಕು. ನಿಮ್ಮ ದೊಡ್ಡ ಗುಣ ಈಗ ಓದು, ಅವರಿಗೆ ಅದ ಕಡಿಮಿ. ತಾನ ಹೋಗ್ತದ. ಆದ್ರ ನಿಮ್ಮ ಚೀಟಿನೂ ಹರೀತದ. ಮೊದಲಿದ್ದ ಚೂರುಪಾರು ಅಕ್ಷರನೂ ಉಳಿಯೂದಿಲ್ಲ."

"ನಿಯಮ ತಿದ್ದಿದ್ರ?"

"ತಿದ್ದಿದ್ರ ಒಪ್ಪಿಗಿ ಮತ್ತ ಮೊದಲಿಂದ. ವರ್ಷ ಹಿಡೀತದ. ಅಷ್ಟರಾಗ ಅದು ನಿಮ್ಮ ತಲಿಯೊಳಗ ಬೇರು ಬಿಟ್ಟಿರ್ತದ. ಬರೂ ಭಾನುವಾರ ದಾಟಿದ್ರ ಕಿತ್ತರೂ ಬರೂದಿಲ್ಲ." ಅವರು ಇನ್ನೊಂದು ಸಾಲು ತೋರಿಸಿದರು. "ಮತ್ತ ಇದು. ಇದನ್ನೂ ನೀವ ಹೇಳೀರಿ."

'ಬೇಕಂತ ಸತ್ತವರ ಗುಣ ಯಾರಿಗೂ ಇಲ್ಲ, ಮಣ್ಣಿಗೆ.' ಅದೂ ಬಸಣ್ಣನ ಪುಣ್ಯವೇ. ಸೊರಗಿದ ಪಾತ್ರ ಸಿಕ್ಕಿತೆಂದರೆ ಅವನು ಅದನ್ನು ಬಾವಿಗೆ ಹಾರಿಸಿ ಹೊಸದು ಮಾಡಿಕೊಳ್ಳುತ್ತಿದ್ದ.

"ಪಟ್ಟಿಗೆ ಸುಳ್ಳು ಗೊತ್ತಾಗ್ತದ," ಎಂದರು ಮೇಡಂ. "ನೀವು ಬದುಕಬೇಕು ಅಂತ ಖರೇನ ಬಡದಾಡಿ ಸಾಯ್ಬೇಕು. ನಾಟಕ ನಡೆಯೂದಿಲ್ಲ."

ಮೈಲಾರಿ ತಲೆಯಾಡಿಸಿ ಹೊರಬಂದ. ಹೊರಗೆ ಅಕ್ಕ ಬೆಂಚಿನ ಮೇಲೆ ಕೂತಿದ್ದಳು. ಏನಂದರು ಎಂದು ಕೇಳಿದಳು.

"ನೋಡ್ತಾರಂತ," ಎಂದ ಅವನು. "ದಾರಿ ಹುಡುಕಾಕತ್ತಾರ."

ಆ ಸುಳ್ಳು ಯಾಕೆ ಬಾಯಿಗೆ ಬಂತೋ, ಆ ಗಳಿಗೆಯಲ್ಲಿ ಅವನಿಗೂ ತಿಳಿಯಲಿಲ್ಲ. ಅಕ್ಕನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಊರೊಳಗೆ ಬಂದಾಗ ತಿಳಿಯಿತು.

ಹುಬ್ಬಳ್ಳಿ ಅವನ ಮೇಲೆ ಒಮ್ಮೆಲೇ ಬಾಯಿ ಬಿಟ್ಟಿತು. ಗೋಡೆ ಕೂಗಿತು, ಬಸ್ಸಿನ ಹಣೆ ಕೂಗಿತು, ಮಿರ್ಚಿ ಕರಿಯುವ ತಳ್ಳುಗಾಡಿ ಕೂಗಿತು. ಇಷ್ಟು ವರ್ಷ ಬರೀ ಬಣ್ಣವಾಗಿದ್ದದ್ದೆಲ್ಲ ಹೆಸರು ಹೇಳಿಕೊಂಡು ಮೈಮೇಲೆ ಬಿತ್ತು. ತಾನು ದಿನವೂ ಕೂತು ಚಹಾ ಕುಡಿಯುವ ಕಟ್ಟೆಯ ನೆತ್ತಿಯ ಮೇಲೆ 'ಇಲ್ಲಿ ಕೂಡಬಾರದು' ಎಂದಿತ್ತು. ಗಾಡಿ ನಿಲ್ಲಿಸಿ ಬೆಪ್ಪನ ಹಾಗೆ ನೋಡಿದ. ಹಿಂದೆ ಅಕ್ಕ ಕಣ್ಣು ಗಟ್ಟಿಯಾಗಿ ಮುಚ್ಚಿ, ಅವನ ಅಂಗಿ ಹಿಡಿದು ಕೂತಿದ್ದಳು. ಅವಳಿಗೆ ಈಗ ಊರು ಮೂಕವಾಗಿತ್ತು.

*

ಮರುದಿನ ಗ್ಯಾರೇಜಿನಲ್ಲಿ ಸ್ಪ್ಯಾನರ್ ತೆಗೆಯಲು ಕೈ ಎತ್ತಿದವನು ಹಾಗೇ ನಿಂತ. ಸ್ಪ್ಯಾನರು ತೂಗುಹಾಕುವ ಮೊಳೆಗಳ ಪಕ್ಕದ ಗೋಡೆಯ ಮೇಲೆ ಗ್ರೀಸಿನಲ್ಲಿ ಬರೆದ, ಮಾಸಿದ ಒಂದು ಸಾಲು. ಎಷ್ಟು ವರ್ಷದಿಂದಲೋ ಅವನು ಅದನ್ನು ಕಲೆ ಎಂದೇ ತಿಳಿದಿದ್ದ.

'ಮೈಲಾರಿ ಹೆಬ್ಬೆಟ್ಟು. ಇವನ ಕೈಗೆ ಬಿಲ್ ಕೊಡಬೇಡಿ.'

"ಮೌಲಾ," ಎಂದ. ದನಿ ಎಲ್ಲೋ ಬಾವಿಯಿಂದ ಬಂದ ಹಾಗಿತ್ತು. "ಇದನ್ನ ಬರದಾವ ಯಾರು?"

ಮೌಲಾಲಿ ಟ್ಯೂಬಿನ ತೂತು ಹುಡುಕುತ್ತಿದ್ದವನು ತಲೆ ಎತ್ತಲಿಲ್ಲ. "ಹಳೇ ಹುಡುಗ. ಬಿಟ್ಟು ಹೋಗಿ ಯಾವ ಕಾಲ ಆತು."

"ನೀ ದಿನಾ ನೋಡ್ತಿದ್ದಿ."

"ನೋಡ್ತಿದ್ದೆ."

"ಬರೂ ಗಿರಾಕಿ ಎಲ್ಲಾ ನೋಡ್ತಿದ್ರು. ನಾ ಅದರ ಬುಡಕ ನಿಂತು ನಗ್ತಿದ್ದೆ ಅವರ ಕೂಡ. ಅಳಸಾಕ ಏನಾಗಿತ್ತಲೇ ನಿನಗ?"

"ಅಳಸಿದ್ರ 'ಏನ್ ಅಳಸಿದಿ' ಅಂತ ಕೇಳ್ತಿದ್ದಿ," ಎಂದ ಮೌಲಾಲಿ. "ಏನಂತ ಹೇಳಲೋ ನಿನಗ?"

ಮೈಲಾರಿ ಯಾರನ್ನೂ ಹೊಡೆಯಲಿಲ್ಲ. ಅದರಿಂದಲೇ ಮೌಲಾಲಿಗೆ ಹೆಚ್ಚು ಭಯವಾಯಿತು. ಗೋಡೆಯನ್ನು ನೋಡುತ್ತ ನಿಂತ ಮೈಲಾರಿಯ ತಲೆಯೊಳಗೆ ಒಂದೇ ಮಾತು ಸುತ್ತುತ್ತಿತ್ತು: ಇನ್ನು ಮೇಲೆ ಯಾವ ಮಗನೂ ನನ್ನ ಮುಖದ ಮುಂದೆಯೇ ನನ್ನನ್ನು ಬೈದು ಬರೆಯಲಾರ. ಇದನ್ನು ಕೊಟ್ಟುಬಿಡಬೇಕೆ? ಅಕ್ಕ ಇಷ್ಟು ವರ್ಷ ಓದಲಿಲ್ಲವೇ? ಸ್ವಲ್ಪ ದಿನ ನಾನು ಓದಿದರೆ ಯಾರ ಗಂಟು ಹೋಗುತ್ತದೆ?

ಆ ವಾರವೆಲ್ಲ ಅವನು ಹಸಿದವನ ಹಾಗೆ ಓದಿದ. ಹಳೆಯ ಪೇಪರು, ಆಯಿಲ್ ಡಬ್ಬಿಯ ಹಿಂಭಾಗ, ಮದುವೆಯ ಕರೆಯೋಲೆ, ಮಿರ್ಚಿ ಕಟ್ಟಿಕೊಟ್ಟ ಕಾಗದ. ಕಾಗದದ ಅರ್ಧಕ್ಕೇ ಸುದ್ದಿ ಹರಿದಿದ್ದರೆ ಇನ್ನರ್ಧಕ್ಕಾಗಿ ಅಂಗಡಿಯವನ ಜೊತೆ ಜಗಳ. ಮನೆಯಲ್ಲಿ ಮಾತ್ರ ಓದುತ್ತಿರಲಿಲ್ಲ. ಪೇಪರನ್ನು ಅಂಗಿಯೊಳಗೆ ಮಡಚಿಟ್ಟುಕೊಳ್ಳುತ್ತಿದ್ದ.

"ಮೇಡಂ ಫೋನ್ ಮಾಡಿದ್ರೇನೋ?" ಎಂದು ಅಕ್ಕ ದಿನವೂ ಕೇಳುತ್ತಿದ್ದಳು.

"ಇಲ್ಲಬೇ," ಎನ್ನುತ್ತಿದ್ದ ತಟ್ಟೆಯ ಕಡೆ ನೋಡುತ್ತ.

ದಾಕ್ಷಾಯಣಿ ರಜೆ ಹಾಕಲಿಲ್ಲ. ಔಷಧಿಗಳ ಡಬ್ಬಿಯ ಬಣ್ಣ, ಗುಳಿಗೆಯ ಆಕಾರ, ಯಾವುದು ಯಾವ ಗೂಡಿನಲ್ಲಿದೆ ಎಂಬ ನೆನಪು, ಇಷ್ಟರ ಮೇಲೆ ಅಂಗಡಿ ನಡೆಸುತ್ತಿದ್ದಳು. ಡಾಕ್ಟರ ಚೀಟಿ ಬಂದರೆ, "ಏನಾಗೈತ್ರಿ?" ಎಂದು ಬಾಯಿ ಬಿಡಿಸಿ ಅಂದಾಜಿನಲ್ಲಿ ಕೊಡುತ್ತಿದ್ದಳು.

ಶುಕ್ರವಾರ ಮೈಲಾರಿ ಅಂಗಡಿಯ ಹಾದಿಯಲ್ಲಿ ಬಂದ. ಕಂಕುಳಲ್ಲಿ ಅರ್ಧ ಓದಿದ ಪೇಪರು. ಒಬ್ಬ ಹೆಂಗಸು ಮಗುವನ್ನು ಎತ್ತಿಕೊಂಡು ನಿಂತಿದ್ದಳು. ದಾಕ್ಷಾಯಣಿ ಅವಳಿಗೆ ಒಂದು ಗುಳಿಗೆ ಹಾಳೆ ಕೊಟ್ಟಳು.

"ಅಕ್ಕಾರ, ಹೋದ ಸಲ ಬಿಳೇವು ಕೊಟ್ಟಿದ್ರಿ. ಇವು ಗುಲಾಬಿ ಅದಾವಲ್ರಿ?"

"ಕಂಪನಿ ಬ್ಯಾರೆ ಇರ್ತಾವ್ರಿ. ಔಷಧ ಒಂದ," ಎಂದಳು ದಾಕ್ಷಾಯಣಿ. ನಗು ತುಟಿಯ ಮೇಲಷ್ಟೇ ಇತ್ತು.

ಮೈಲಾರಿಯ ಕಣ್ಣು ತಾನಾಗಿ ಆ ಹಾಳೆಯ ಮೇಲೆ ಬಿತ್ತು, ಆಮೇಲೆ ಡಾಕ್ಟರ ಗೀಚಿನ ಮೇಲೆ. ಎರಡರಲ್ಲೂ ಇಂಗ್ಲಿಷ್ ಹೆಸರು. ಎರಡೂ ಬೇರೆ ಬೇರೆ. ಹಾಳೆಯ ಅಂಚಿನಲ್ಲಿ, ಕೆಂಪು ಗೆರೆಯ ಪಕ್ಕ, ಸಣ್ಣ ಅಕ್ಷರದಲ್ಲಿ ಮಕ್ಕಳಿಗೆ ಕೊಡಬಾರದು ಎಂದಿತ್ತು.

"ಕೊಡಬ್ಯಾಡ!" ಎಂದು ಅವನು ಕಿರುಚಿದ. ಮಗು ಬೆಚ್ಚಿ ಅಳತೊಡಗಿತು. ಅವನು ಹೆಂಗಸಿನ ಕೈಯಿಂದ ಹಾಳೆ ಕಿತ್ತುಕೊಂಡ. "ಅಕ್ಕಾ, ಇದು ಅದಲ್ಲ. ಇದು ಹುಡುಗ್ರಿಗೆ ಅಲ್ಲ!"

ಹೆಂಗಸು ಒಮ್ಮೆ ಅವನನ್ನು, ಒಮ್ಮೆ ದಾಕ್ಷಾಯಣಿಯನ್ನು ನೋಡಿ, ಡಾಕ್ಟರ ಚೀಟಿ ಕಸಿದುಕೊಂಡು ಮಗುವನ್ನು ಎದೆಗೊತ್ತಿ ಹೊರಟೇಹೋದಳು.

ದಾಕ್ಷಾಯಣಿ ಗಲ್ಲಾದ ಅಂಚು ಹಿಡಿದು ನಿಂತಿದ್ದಳು. "ಕೂಸು ಸಾಯ್ತಿತ್ತೇನೋ," ಎಂದಳು. ಆಮೇಲೆ ಅವಳ ಕಣ್ಣು ತಮ್ಮನ ಕಂಕುಳಿಗೆ ಇಳಿಯಿತು. ನಡುವಿನ ಪುಟಕ್ಕೆ ಮಡಚಿದ ಪೇಪರು. ಓದುವವರಷ್ಟೇ ಹಾಗೆ ಮಡಚುತ್ತಾರೆ.

"ಓದಾಕತ್ತೀದಿ."

ಅವನು ಪೇಪರನ್ನು ಬೆನ್ನ ಹಿಂದೆ ಸರಿಸಿದ.

"ಮೇಡಂ ಏನೂ ಹೇಳಿಲ್ಲೇನು? ನನ್ನ ಕಣ್ಣಾಗ ಕಣ್ಣಿಟ್ಟು ಹೇಳಲೇ."

"ಹೇಳ್ಯಾರ," ಎಂದ ಮೈಲಾರಿ. "ಅವತ್ತ ಹೇಳ್ಯಾರ. ವಾಪಸ್ ಬರ್ತೈತಿ. ಈ ಭಾನುವಾರದೊಳಗ ಆಗಬೇಕು."

ಏಟು ಬಿದ್ದ ಸದ್ದಿಗೆ ಎದುರು ಅಂಗಡಿಯವನು ಇಣುಕಿ ನೋಡಿದ. ಮೈಲಾರಿ ಕೆನ್ನೆ ಮುಟ್ಟಿಕೊಳ್ಳಲಿಲ್ಲ.

"ನಿನಗ ಹೊಡದ ಮಾಸ್ತರು ಎಲ್ಲಾರಿಗೂ ಹೋಗಿ ಬೈದು ಬಂದಾಕಿ ನಾನು," ಎಂದಳು ಅವಳು. ಅಳಲಿಲ್ಲ. "ಅವರು ನಿನಗ ಹೊಡದ್ರು, ನೀ ನನಗ ಹೊಡದಿ. ಬಾಗಿಲಾ ಎಳಿ. ಬೀಗದ ಮ್ಯಾಲ ಏನ್ ಬರದೈತಿ ಅದನ್ನೂ ಓದ್ಕೋತ ಎಳಿ. ಇನ್ನೂ ಎರಡು ದಿನ ಐತಿ ನಿನಗ."

*

ಭಾನುವಾರ ಲ್ಯಾಬಿನಲ್ಲಿ ಯಾರೂ ಜೋಕು ಹೊಡೆಯಲಿಲ್ಲ, ಬಸಣ್ಣನೂ. ಪಟ್ಟಿ ಬಿಗಿಯುವ ಮುಂಚೆ ಅವನು ಮೈಲಾರಿಯ ಕಿವಿಯಲ್ಲಿ, "ನಾ ಚೀಟಿ ಕದೀದಿದ್ರ ನೀ ಆ ನಿಯಮ ಮಾಡ್ತಿದ್ದಿಲ್ಲ, ಅಲ್ಲೇನೋ?" ಎಂದ.

"ಸುಮ್ನ ಕುಂದ್ರೋ ಬಸಣ್ಣ."

ಆಟ ಮತ್ತೆ ಮೊದಲಿನಿಂದ, ಸತ್ತ ಮಂತ್ರವಾದಿನಿಗೆ ಹೊಸ ಚೀಟಿ, ಅದರಲ್ಲಿ ಓದು ಮೂರು. ಕರಿಕೋಟೆಯ ಕಲ್ಲುಬಾಗಿಲು. ಅದೇ ಶಾಸನ. ಈ ಸಲ ಓದಬೇಕಾದವನು ಮೈಲಾರಿ. ಓದಿದ. ಕಲ್ಲಿನಲ್ಲಿ ಕೆತ್ತಿದ ಒಂದೊಂದು ಅಕ್ಷರವೂ ಕಣ್ಣೆದುರು ನಿಂತಿತ್ತು. ಅವನ್ನೇ ಇನ್ನೊಮ್ಮೆ ಓದಿದ, ಬಾಗಿಲು ತೆರೆದ ಮೇಲೂ.

ಕಲ್ಲುಹಾವು ಹೆಡೆಯೆತ್ತಿತು. ಮೌಲಾಲಿ ದಾಳ ಎಸೆದ. ಒಂದು, ಎರಡು, ಒಂದು. ಹಾವಿನ ಏಟು ತಪ್ಪಿತು. ಮತ್ತೆ ಎಸೆದ. ಎರಡು, ಒಂದು, ಎರಡು. ಮತ್ತೆ ತಪ್ಪಿತು. ಮೈಲಾರಿಯ ಸರದಿ ಬಂದಾಗ ಆರು, ಐದು, ಆರು. ಹಾವಿನ ಅರ್ಧ ಜೀವ ಹೋಯಿತು.

ಹುಟ್ಟಿದಾಗಿನಿಂದ ಅವನನ್ನು ಕಾಡಿದ ದಾಳ ಇವತ್ತು ಅವನ ಪರ ನಿಂತಿತ್ತು. ಮೌಲಾಲಿಯ ಹಣೆಯ ಮೇಲೆ ಬೆವರೊಡೆಯಿತು. ಇನ್ನೊಂದು ಏಟಿಗೆ ಹಾವು ಸತ್ತರೆ ಕೋಟೆ ಗೆದ್ದಂತೆ, ಆಟ ಮುಗಿದಂತೆ. ಓದು ಅವನಲ್ಲೇ ಉಳಿಯುತ್ತದೆ. ಯಾರೂ ಏನೂ ಅನ್ನುವಂತಿಲ್ಲ. ದಾಳವೇ ಹಾಗೆ ಬಿತ್ತು ಅನ್ನಬಹುದು. ಹಣೆಬರಹ ಅನ್ನಬಹುದು.

ಹಣೆಬರಹ! ಆ ಮಾತು ತನ್ನ ನಾಲಗೆಯ ತುದಿಗೆ ಬಂದು ನಿಂತದ್ದಕ್ಕೆ ಮೈಲಾರಿ ಬೆಚ್ಚಿದ.

"ಹಾವು ಹೊಳ್ಳಿತು," ಎಂದ ಮೌಲಾಲಿ. "ಮಂತ್ರವಾದಿನಿ ಕಡೆ ಹೊಂಟೈತಿ."

ಅಕ್ಕನ ಪಾತ್ರದ ಕೈಯಲ್ಲಿ ಏನೂ ಇರಲಿಲ್ಲ. ಮಂತ್ರ ಓದಲು ಬಾರದ ಮಂತ್ರವಾದಿನಿ. ಇನ್ನೊಮ್ಮೆ ಸತ್ತರೆ ಉಳಿದಿರುವ ಇನ್ನೊಂದು ಗುಣವೂ ಹೋಗುತ್ತದೆ. ಅವಳ ಮಾತೋ, ಅವಳ ತಾಳ್ಮೆಯೋ. ದಾಕ್ಷಾಯಣಿ ಹಾವನ್ನು ನೋಡಲಿಲ್ಲ, ತಮ್ಮನನ್ನೇ ನೋಡುತ್ತಿದ್ದಳು.

"ನಡುವ ಹೋಗ್ತೀನಿ," ಎಂದ ಮೈಲಾರಿ.

"ಢಾಲು ಗುರಾಣಿ ಏನೂ ಇಲ್ಲ ನಿನ್ನ ಕಡೆ," ಎಂದ ಮೌಲಾಲಿ.

"ಗೊತ್ತೈತಿ. ಕತ್ತಿ ಐತಿ. ಹೊಡದಾಡ್ತೀನಿ. ಒಗಿಯಲೇ ಮೌಲಾ!"

ಗಾಜಿನ ಆಚೆ ಇಟಗಿ ಮೇಡಂ ಪರದೆಯ ಗೆರೆ ನೋಡುತ್ತಿದ್ದರು. ಅದು ಏರಿ ಏರಿ ಅಂಚು ಮುಟ್ಟಿತು. "ಸಾಯಾಕ ಎಳ್ಳಷ್ಟೂ ಮನಸಿಲ್ಲ ಇವಗ," ಎಂದರು ಪಕ್ಕದವಳಿಗೆ.

ಹೌದು, ಇರಲಿಲ್ಲ. ಕತ್ತಿ ಬೀಸುವಾಗ ಮೈಲಾರಿಗೆ ಬದುಕಬೇಕಿತ್ತು, ಮೈಯ ಕೂದಲು ಕೂದಲಿಗೂ ಬದುಕಬೇಕಿತ್ತು. ಪೇಪರಿನ ನಡುಪುಟ ಬೇಕಿತ್ತು, ಬಸ್ಸಿನ ಹಣೆ ಬೇಕಿತ್ತು, ಗೋಡೆಯ ಮೇಲಿನ ಆ ಬೈಗುಳ ಕೂಡ ಬೇಕಿತ್ತು.

ಹಾವಿನ ದಾಳ ಮೇಜಿನ ಮೇಲೆ ಕುಣಿಯಿತು. ಐದು. ಆರು. ಮೂರನೆಯದು ಅಂಚಿನ ಮೇಲೆ ಗಿರಗಿರ ತಿರುಗಿ ಬಿತ್ತು. ಆರು.

ಯಾರೂ ಕೂಗಲಿಲ್ಲ. ಪದ್ಧತಿಯ ಪ್ರಕಾರ ಉಳಿದವರು ಕೂಗಬೇಕಿತ್ತು. ಕೊನೆಗೆ ಮೈಲಾರಿಯೇ, "ಹರಿ, ಹರಿ," ಎಂದುಕೊಂಡು ಚೀಟಿಯನ್ನು ಕೈಗೆತ್ತಿಕೊಂಡ. ಹರಿಯುವ ಮುಂಚೆ ಅದರ ಮೇಲಿನ ಹೆಸರನ್ನು ಒಮ್ಮೆ ಓದಿದ. ಎರಡನೇ ಸಲ ಓದಲು ನೋಡಿದಾಗ ಇರುವೆಗಳು ಎದ್ದಿದ್ದವು.

ಪಟ್ಟಿ ಬಿಚ್ಚಿದ ಮೇಲೆ ದಾಕ್ಷಾಯಣಿ ಬಾಗಿಲ ಮೇಲಿನ ಹಲಗೆ ನೋಡಿದಳು. "ಚಪ್ಪಲಿ ಹೊರಗೆ ಬಿಡಿ," ಎಂದು ಓದಿದಳು. ಆಮೇಲೆ ಅಲ್ಲೇ ನೆಲದ ಮೇಲೆ ಕುಸಿದು ಅತ್ತಳು. ಶುಕ್ರವಾರ ಅಳದೆ ಉಳಿಸಿಕೊಂಡದ್ದನ್ನೆಲ್ಲ ಅತ್ತಳು. ಬಸಣ್ಣ ಗೊಂದಲದಲ್ಲಿ ಎಲ್ಲರ ಚಪ್ಪಲಿ ಎತ್ತಿ ಹೊರಗಿಟ್ಟ.

ಮೈಲಾರಿಗೆ ತನ್ನ ಹೆಸರಿನ ಮೊದಲ ಅಕ್ಷರವೂ ಈಗ ಗುರುತು ಹತ್ತಲಿಲ್ಲ.

*

ಕೆಲವು ದಿನ ಬಿಟ್ಟು ಇಟಗಿ ಮೇಡಂ ಗ್ಯಾರೇಜಿಗೇ ಬಂದರು. ಮೇಲಿನವರು ಆ ಒಂದು ನಿಯಮವನ್ನು ಮಾತ್ರ ಬೇರೆ ಮಾಡಿ ಮಾರಲು ನೋಡುತ್ತಿದ್ದಾರಂತೆ. ಆಟ ಬೇಡವಂತೆ, ಹರಿಯುವುದಷ್ಟೇ ಸಾಕಂತೆ. ಮಕ್ಕಳಿಗ್ಯಾಕೆ ಇಷ್ಟು ವರ್ಷ ಶಾಲೆ, ಓದಿದ ಬಡವನೊಬ್ಬ ಸಿಕ್ಕರೆ ಸಾಕು ಎಂದು ಈಗಲೇ ಕೇಳುವವರಿದ್ದಾರಂತೆ. ನಿಯಮ ಕಟ್ಟಿದವನು ತಿದ್ದಿ ಕೊಟ್ಟರೆ ಹೊಸದಕ್ಕೆ ಒಪ್ಪಿಗೆ ಬರುವ ಮುಂಚೆಯೇ ಹಳೆಯದು ರದ್ದಾಗುತ್ತದೆ, ಬೇಗ ತಿದ್ದಿರಿ ಎಂದು ಹೇಳಿ, ಚಹಾ ಕೂಡ ಕುಡಿಯದೆ ಹೋದರು.

ಮೈಲಾರಿ ಕೇಳಿ ದಂಗಾಗಿ ಕೂತ. ಇದ್ದವರದು ಇಲ್ಲದವರಿಗೆ ಎಂದು ತಾನು ಬರೆಸಿದ್ದನ್ನು ಅವರು ತಿರುಗಿಸಿ ಹಿಡಿದ ಬಗೆ ನೋಡಿ ಅವನಿಗೆ ಬೈಗುಳವೂ ಹುಟ್ಟಲಿಲ್ಲ.

ಭಾನುವಾರ ಅಟ್ಟದಲ್ಲಿ ಅಕ್ಕ ಕಾಗದ ಹಿಡಿದು ಕೂತಳು. ಅವನು ಅತ್ತಿಂದಿತ್ತ ತಿರುಗಿದ.

"ಬರಿ. ಯಾರ ಚೀಟಿನೂ ಹರೀಬಾರ್ದು. ಸತ್ತವರದು ಸತ್ತವರಿಗೆ ವಾಪಸ್ ಹೋಗಬೇಕು. ಪ್ರತಿ ಇಡಬೇಕು. ಒಂದಲ್ಲ, ಮೂರು. ಬರದೀ?"

"ಬರದೆ."

"ಓದು."

ದಾಕ್ಷಾಯಣಿ ಓದಿದಳು: "ಪಾತ್ರ ಹುಟ್ಟಿಸುವ ಮೊದಲು ಮೇಜಿನ ಸುತ್ತ ಕೂತವರು ಒಬ್ಬರನ್ನೊಬ್ಬರು ಕೇಳಬೇಕು. ನಿನ್ನಲ್ಲಿ ಯಾರೂ ಮುಟ್ಟಬಾರದ್ದು ಏನು? ಅವರು ಹೇಳಿದ್ದನ್ನು ಚೀಟಿಯ ನೆತ್ತಿಯ ಮೇಲೆ ಬರೆಯಬೇಕು. ಅದನ್ನು ಯಾವ ದಾಳವೂ, ಯಾವ ನ್ಯಾಯವೂ ಮುಟ್ಟಕೂಡದು. ಯಾರ ಚೀಟಿಯೂ ಹರಿಯಬಾರದು..."

"ತಡಿ ತಡಿ. ಮೊದಲಿನದು ನಾ ಹೇಳಿಲ್ಲ."

"ಹೌದು. ನಾ ಬರದೀನಿ."

ಮೌಲಾಲಿ, ಬಸಣ್ಣ ಇಬ್ಬರೂ ಹಿಂದಕ್ಕೆ ಸರಿದರು. ಮೈಲಾರಿಯ ಕತ್ತಿನ ನರ ಉಬ್ಬಿತು. ಅವಳ ಕೈಯಲ್ಲಿದ್ದ ಕಾಗದ ನೋಡಿದ. ಅದರಲ್ಲಿ ಏನಿದೆಯೋ, ಅವಳು ಓದಿದ್ದೇ ಇದೆಯೋ, ತಿಳಿಯುವ ದಾರಿ ಅವನಿಗಿರಲಿಲ್ಲ. ಗೋಡೆಗೆ ಒರಗಿ ನಿಧಾನಕ್ಕೆ ಕೆಳಗೆ ಕೂತ.

"ಇರಲಿ," ಎಂದ.

"ನಿನ್ನ ಹೊಸ ಚೀಟಿ ಮಾಡಾಕತ್ತೀನಿ," ಎಂದಳು ಅಕ್ಕ, ಇನ್ನೊಂದು ಕಾಗದ ತೆಗೆಯುತ್ತ. "ಹೇಳು. ನಿನ್ನೊಳಗ ಯಾರೂ ಮುಟ್ಟಬಾರದ್ದು ಏನು?"

ಕೆಳಗೆ ಗೋಡೆಯ ಮೇಲಿನ ಗ್ರೀಸಿನ ಸಾಲು ಎಲ್ಲಿದೆ ಎಂದು ಅವನಿಗೆ ನೆನಪಿತ್ತು. ಅಳಿಸಬೇಡ ಎಂದು ಮೌಲಾಲಿಗೆ ಅವನೇ ಹೇಳಿದ್ದ.

"ಸಿಟ್ಟು," ಎಂದ ಕೊನೆಗೆ. "ಸಿಟ್ಟು ಅಂತ ಬರಿ."

ಪೆನ್ನು ಒಮ್ಮೆ ಓಡಿ ನಿಂತಿತು. ಅವನು ಎದ್ದು ಬಂದು ಅವಳ ಹೆಗಲ ಮೇಲಿಂದ ಬಾಗಿ ನೋಡಿದ. ಕಾಗದದ ನೆತ್ತಿಯ ಮೇಲೆ ಎರಡೇ ಎರಡು ಇರುವೆ, ಮಿಸುಕಾಡುತ್ತಿದ್ದವು.

"ಇಷ್ಟ ಸಣ್ಣದೇನಬೇ ಅದು?" ಎಂದ ಮೈಲಾರಿ.